ಕಸ ಬೀಳದ ಹಸುಗಳಿಗೆ ಸಕಾಲದಲ್ಲಿ ಚಿಕಿತ್ಸೆ ಕೋರಿ ಮನವಿ ಪತ್ರ

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಜಿಲ್ಲಾ ಹಾಲು ಒಕ್ಕೂಟ

ಇಂದ,
ಅಧ್ಯಕ್ಷರು ಮತ್ತು ಸದಸ್ಯರು,
ಗ್ರಾಮ ಹಾಲು ಉತ್ಪಾದಕರ ಸಹಕಾರ ಸಂಘ

ವಿಷಯ: ಈದ ಹಸುಗಳ ಗರ್ಭಕೋಶದ ಸೋಂಕಿಗೆ ತುರ್ತು ಚಿಕಿತ್ಸೆ ಒದಗಿಸುವ ಬಗ್ಗೆ.
ಉಲ್ಲೇಖ: ಇದೇ ವಿಷಯವಾಗಿ ನಮ್ಮ ಹಿಂದಿನ ಮನವಿಗಳು. ತಮ್ಮ ಕಚೇರಿಯ ಸ್ವೀಕೃತಿ ಮುದ್ರೆ ಇದೆ, ಉತ್ತರವಿಲ್ಲ.

ಮಾನ್ಯರೇ,

ಸದಸ್ಯರ ರಾಸುಗಳ ತುರ್ತು ಚಿಕಿತ್ಸೆಯ ನಿಯಮಗಳು ತಮಗೆ ತಿಳಿಯದವಲ್ಲ. ಅವನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ಮಾರ್ಗದ ಡಾಕ್ಟರು ನಮ್ಮೂರಿಗೆ ಬರುವುದು ವಾರಕ್ಕೊಂದು ದಿನ. ಹಸುಗಳು ಆ ದಿನ ನೋಡಿಕೊಂಡು ಈಯುವುದಿಲ್ಲ.

ಈದ ಹಸುವಿಗೆ 12 ಗಂಟೆಯೊಳಗೆ ಕಸ (ಮಾಸು) ಬೀಳಬೇಕು. 24 ಗಂಟೆ ದಾಟಿದರೆ ಅದು ಒಳಗೇ ಕೊಳೆಯತೊಡಗುತ್ತದೆ. ಡಾಕ್ಟರು ಸಿಗದಿದ್ದಾಗ ಕೃತಕ ಗರ್ಭಧಾರಣೆ ಕಾರ್ಯಕರ್ತರು ಬಂದು ಕೈ ಹಾಕಿ ಎಳೆಯುತ್ತಾರೆ. ತುಂಡು ಒಳಗುಳಿಯುತ್ತದೆ, ಗರ್ಭಕೋಶದ ಒಳಪದರ ಹರಿಯುತ್ತದೆ. ಕೆಲವೇ ದಿನಗಳಲ್ಲಿ ಕೆಂಪು-ಕಂದು ಬಣ್ಣದ, ನೀರಿನಂಥ, ಮೂಗು ಮುಚ್ಚಿಸುವ ಸ್ರಾವ. 103 ಡಿಗ್ರಿ ದಾಟುವ ಜ್ವರ. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಜ್ವರ ಬಿಟ್ಟರೂ ಮೂರು ವಾರದ ಮೇಲೆ ಬಿಳಿ ಕೀವು ಸೋರುತ್ತಲೇ ಇರುತ್ತದೆ. ಕೆಲವು ಬೆದೆಗೇ ಬರುವುದಿಲ್ಲ, ಬಂದವು ಗಬ್ಬ ನಿಲ್ಲುವುದಿಲ್ಲ. ವರ್ಷಕ್ಕೊಂದು ಕರುವಿನ ಲೆಕ್ಕದಲ್ಲಿ ಸಾಲ ತೆಗೆದವರು ಬತ್ತಿದ ಹಸುವಿಗೆ ಹಿಂಡಿ ಹಾಕಿಕೊಂಡು ಬ್ಯಾಂಕಿನ ಕಂತು ಕಟ್ಟುತ್ತಿದ್ದಾರೆ.

ಲಗತ್ತು 1ರಿಂದ 6ರವರೆಗೆ ಎಲ್ಲವೂ ಈ ಒಂದೇ ವಿಷಯದ್ದು: ಹಾಲು ಅಳತೆ ಪುಸ್ತಕದ ಪ್ರತಿಗಳು, ಡಾಕ್ಟರಿಗೆ ಮಾಡಿದ ಕರೆಗಳ ಪಟ್ಟಿ, ಔಷಧ ಅಂಗಡಿಯ ರಸೀದಿಗಳು, ಸೋಂಕು ತಗುಲಿದ ರಾಸುಗಳ ಫೋಟೊ, ಮಾರಿದ ಹಸುಗಳ ವಿವರ, ಗರ್ಭಧಾರಣೆ ಚೀಟಿಗಳು. ಚೀಟಿಗಳನ್ನಾದರೂ ದಯವಿಟ್ಟು ಓದಿ. ಅದೇ ಕಿವಿಯೋಲೆ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಶುಲ್ಕ ಪಡೆಯಲಾಗಿದೆ.

ವಿಧಿಯಿಲ್ಲದೆ ಅಂಗಡಿಯ ಔಷಧ ಕೊಡಿಸಿದರೆ, ಆ್ಯಂಟಿಬಯೋಟಿಕ್ ಅಂಶವಿದೆಯೆಂದು ಇಡೀ ಸಂಘದ ಹಾಲು ವಾಪಸ್. ಪರೀಕ್ಷೆ ಸರಿಯೇ, ಮಕ್ಕಳು ಕುಡಿಯುವ ಹಾಲದು. ಆದರೆ ದಿನಕ್ಕೆರಡು ಸಲ ಹಾಲಿನ ವಾಹನಕ್ಕೆ ಸಿಗುವ ದಾರಿ ಡಾಕ್ಟರ ಜೀಪಿಗೆ ಮಾತ್ರ ಏಕೆ ಸಿಗುವುದಿಲ್ಲ?

ಆದ್ದರಿಂದ ಕಸ ಬಿದ್ದಿಲ್ಲವೆಂದು ಕರೆ ಬಂದ ದಿನವೇ ಡಾಕ್ಟರು ಬರಬೇಕು. ಕಾರ್ಯಕರ್ತರು ಕೈ ಹಾಕಿ ಎಳೆಯದಂತೆ ಲಿಖಿತ ಆದೇಶ ಹೊರಡಬೇಕು. ಈದು ನಾಲ್ಕನೇ ವಾರದಲ್ಲಿ ಗರ್ಭಕೋಶ ತಪಾಸಣೆಯಾಗದೆ ಗರ್ಭಧಾರಣೆ ಮಾಡಬಾರದು. ತಿಂಗಳು ತುಂಬುವ ಮುನ್ನ ಕಂದು ಹಾಕಿದ ಹಸುಗಳಿಗೆ ಬ್ರುಸೆಲ್ಲೋಸಿಸ್ ರಕ್ತಪರೀಕ್ಷೆ ಆಗಬೇಕು. ಆ ರೋಗ ಕಸ ಮುಟ್ಟಿದ ಮನುಷ್ಯರಿಗೂ ಅಂಟುತ್ತದೆ, ಕೊಟ್ಟಿಗೆಯಲ್ಲಿ ಅದನ್ನು ಬಾಚುವವರು ನಮ್ಮ ಹೆಣ್ಣುಮಕ್ಕಳು. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಈ ರೋಗದ ಲಸಿಕೆ ತಪ್ಪದಂತೆ ಪಶುಪಾಲನಾ ಇಲಾಖೆಯೊಡನೆ ಮಾತಾಡಿ.

  

15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಇವೇ ಲಗತ್ತುಗಳನ್ನು ಸಹಕಾರ ಸಂಘಗಳ ನಿಬಂಧಕರಿಗೆ ಸಲ್ಲಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸದಸ್ಯರ ಸಹಿ ಮತ್ತು ಹೆಬ್ಬೆಟ್ಟು ಗುರುತುಗಳು)