ಲಿಂಗೈಕ್ಯವೋ, ಲೆಕ್ಕ ಚುಕ್ತಾವೋ?

ಗಬ್ಬೂರಿನ ಜನರಿಗೆ ಸಾವಿನ ಸುದ್ದಿ ರಸ್ತೆಯ ಮೇಲಿಂದ ಬರುವುದು ಹೊಸದಲ್ಲ. ನರೇಂದ್ರದಿಂದ ಗಬ್ಬೂರಿನವರೆಗಿನ ಬೈಪಾಸ್ ಬಹುಕಾಲ ಎರಡೇ ಪಥದ ರಸ್ತೆಯಾಗಿದ್ದು, ಅಪಘಾತಗಳಿಗೆ ಕುಖ್ಯಾತವಾಗಿತ್ತು. 2021ರ ಜನವರಿ 15ರಂದು ಇದೇ ರಸ್ತೆಯಲ್ಲಿ, ಇಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನವೂ ಟಿಪ್ಪರ್ ಲಾರಿಯೂ ಡಿಕ್ಕಿಯಾಗಿ 10ಕ್ಕೂ ಹೆಚ್ಚು ಜನ ಅಸುನೀಗಿದರು. ಇಂಥ ಸುದ್ದಿಯನ್ನು ಜನ ಈಗ ಯಾವ ಮಾತಿನಲ್ಲಿ ಮುಟ್ಟಿಸುತ್ತಾರೆ? ‘ಸ್ಪಾಟ್ ಔಟ್’ ಎನ್ನುತ್ತಾರೆ. ಕ್ರಿಕೆಟ್ಟಿನ ಅಂಗಳದಿಂದ ಎತ್ತಿ ತಂದ ಮಾತಿದು. ತಾಯಿಯೊಬ್ಬಳು ಮಗನನ್ನು ಕಳೆದುಕೊಂಡ ಗಳಿಗೆಯಲ್ಲಿ ಆಕೆಯ ಕಿವಿಗೆ ಬೀಳುವುದು ಆಟಗಾರನೊಬ್ಬ ಮರಳಿದ ವಾರ್ತೆ!

ರಸ್ತೆಯ ಮಾತು ಮನೆಯನ್ನೂ ಹೊಕ್ಕಿದೆ. ವೃದ್ಧರು ದೇಹ ಬಿಟ್ಟರೆ ‘ಎಕ್ಸ್‌ಪೈರ್ ಆದರು’ ಎನ್ನಲಾಗುತ್ತದೆ. ಮಾತ್ರೆಯ ಚೀಟಿಯ ಮೇಲೆ, ಹಾಲಿನ ಪೊಟ್ಟಣದ ಮೇಲೆ ಅಚ್ಚಾಗುವ ಮಾತು ಲಿಂಗಧಾರಿಯಾಗಿ ಎಂಬತ್ತು ವರ್ಷ ಬಾಳಿದ ಜೀವಕ್ಕೂ ಸಲ್ಲುತ್ತಿದೆ. ಬೆಳಗಿನ ಶಿವಪೂಜೆಗೆ ಎಂದೂ ತಡಮಾಡದ ಅಜ್ಜನ ಹೆಸರಿನ ಹಿಂದೆ ‘ಲೇಟ್’ ಬಂದು ಕೂರುತ್ತದೆ. ಬ್ಯಾನರಿನ ಮೇಲೆ ‘ರಿಪ್’ ಎಂಬ ಮೂರಕ್ಷರ ಮೆರೆಯುತ್ತದೆ. ‘ಶಾಂತಿಯಿಂದ ವಿಶ್ರಮಿಸಲಿ’ ಎಂಬುದು ಅದರ ಅರ್ಥ. ಅಂತಿಮ ದಿನದ ಪುನರುತ್ಥಾನವನ್ನು ನಂಬಿದ ಕ್ರೈಸ್ತ ಬಂಧುಗಳ ಬಾಯಲ್ಲಿ ಅದು ಸಾರ್ಥಕವಾದ ಪ್ರಾರ್ಥನೆ. ಆದರೆ ಲಿಂಗಾಯತನನ್ನು ಮಲಗಿಸಿ ಕಳುಹಿಸುವುದಿಲ್ಲ. ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪೂಜೆಗೆ ಕುಳಿತ ಭಂಗಿಯಲ್ಲೇ ಸಮಾಧಿ ಮಾಡಲಾಗುತ್ತದೆ. ಪೂಜೆಗೆ ಕುಳಿತವನಿಗೆ ನಿದ್ರೆಯನ್ನು ಹಾರೈಸುವುದು ಎಂಥ ಅಜ್ಞಾನ!

ಇಂಗ್ಲಿಷಿನ ಸಾವಿನ ಮಾತುಗಳಲ್ಲಿ ಹಲವು ಲೆಕ್ಕದ ಪುಸ್ತಕದಿಂದಲೂ ಆಸ್ತಿಯ ಕಾಗದದಿಂದಲೂ ಎದ್ದು ಬಂದವು ಎಂಬುದನ್ನು ಸದ್ಭಕ್ತರು ಗಮನಿಸಬೇಕು. ‘ಕ್ವಯಟಸ್’ ಎಂದರೆ ಮೊದಲು ಬಾಕಿ ಸಂದಾಯವಾಗಿ ಬಿಡುಗಡೆ ಹೊಂದಿದ ರಸೀದಿ, ಆಮೇಲೆ ಮರಣ. ‘ಡಿಫಂಕ್ಟ್’ ಎಂಬುದರ ಲ್ಯಾಟಿನ್ ಮೂಲದಲ್ಲಿ ಇರುವುದು ಹೊಣೆ ಮುಗಿಸಿ ಕೈತೊಳೆದುಕೊಂಡವನು. ‘ಡಿಮೈಸ್’ ಮೂಲತಃ ಆಸ್ತಿಯ ಹಸ್ತಾಂತರ. ‘ಮಾರ್ಟ್‌ಗೇಜ್’ ಎಂಬ ಅಡಮಾನದ ಹೆಸರಿನಲ್ಲಿಯೇ ಸತ್ತ ಒತ್ತೆಯೊಂದು ಮಲಗಿದೆ. ಈ ದೃಷ್ಟಿಯಲ್ಲಿ ಬದುಕೊಂದು ಸಾಲ, ಸಾವು ಅದರ ಚುಕ್ತಾ.

‘ಕನ್ನಡದಲ್ಲಿಯೂ ಹಾಗೆಯೇ ಇದೆಯಲ್ಲ?’ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದು. ಸಾಲವೂ ತೀರುತ್ತದೆ, ಮನುಷ್ಯನೂ ತೀರಿಕೊಳ್ಳುತ್ತಾನೆ. ‘ಋಣ ಹರಿಯಿತು’ ಎಂದು ಹಿರಿಯರು ನಿಟ್ಟುಸಿರಿಡುತ್ತಾರೆ. ‘ದಿವಂಗತ’ ಎಂಬ ಸಂಸ್ಕೃತ ಶಬ್ದವೂ ಶರಣರಿಗೆ ಒಪ್ಪುವಂಥದಲ್ಲ. ನಡೆನುಡಿಯ ಸತ್ಯದಲ್ಲಿಯೇ ದೇವಲೋಕವನ್ನು ಕಂಡ ಬಸವಣ್ಣನವರ ಮಕ್ಕಳು ಬೇರೊಂದು ಸ್ವರ್ಗಕ್ಕೆ ಹೋಗಬೇಕಾಗಿಲ್ಲ. ಹಾಗಾದರೆ ದೋಷವು ಭಾಷೆಯೊಂದರದಲ್ಲ, ದೃಷ್ಟಿಯದು. ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ವಕೀಲರು, ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು, ವಚನಗಳನ್ನು ಆ ಭಾಷೆಗೂ ತಂದವರು. ಆದರೂ ಅವರು ಬಾಳನ್ನು ಸವೆಸಿದ್ದು ತಾಳೆಗರಿಗಳಲ್ಲಿ ಮರೆಯಾಗುತ್ತಿದ್ದ ಶರಣರ ನುಡಿಯನ್ನು ಉಳಿಸುವುದಕ್ಕೆ. 1923ರಲ್ಲಿ ‘ವಚನಶಾಸ್ತ್ರಸಾರ’ವು ಅಚ್ಚಾಗಿ ಬಂದದ್ದು ಆ ತಪಸ್ಸಿನ ಫಲ.

ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರು ಲೆಕ್ಕ ಅರಿಯದವರಲ್ಲ. ಶರಣರು ಲೆಕ್ಕವನ್ನು ಸಾವಿನವರೆಗೆ ಮುಂದೂಡಲಿಲ್ಲ, ಅಷ್ಟೆ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಅಂದೇ ಹಿಂದಿರುಗಿಸಿ ಬರಲು ಹೇಳಿದರು. ಬೇಕಾದಷ್ಟನ್ನು ಕಾಯಕದಿಂದ ಪಡೆದು ದಾಸೋಹಕ್ಕೆ ಸಲ್ಲಿಸುವವನ ಲೆಕ್ಕವು ಪ್ರತಿದಿನ ಸಂಜೆಗೇ ಸರಿಹೋಗುತ್ತದೆ. ಅಂಥವನಲ್ಲಿ ಸಾವು ವಸೂಲು ಮಾಡುವುದೇನು? ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳನ್ನು ದಾಟಿ ಬರುವ ಆರನೆಯ ಐಕ್ಯಸ್ಥಲವು ಬದುಕಿರುವಾಗಲೇ ಸಾಧಿಸಬೇಕಾದುದು. ಹನಿಯು ಕಡಲನ್ನು ಸೇರಿದ ಮೇಲೆ ಕೊಟ್ಟವರಾರು, ಪಡೆದವರಾರು?

ಈ ವಿಚಾರ ಕೇವಲ ಶಬ್ದಗಳ ಜಗಳವಲ್ಲ. ‘ಔಟ್’ ಎಂದವರು, ‘ಅಕೌಂಟ್ ಕ್ಲೋಸ್’ ಎಂದವರು ತಮ್ಮನ್ನೂ ಹೊಣೆಯಿಂದ ಬಿಡಿಸಿಕೊಳ್ಳುತ್ತಾರೆ. ವಿಮೆಯ ಹಣ ಬಂದ ಮೇಲೆ ಆ ಮನೆಯ ಬಾಗಿಲಿಗೆ ಹೋಗುವವರು ಎಷ್ಟು ಜನ? ಅಗಲಿದವನು ಕೂಲಿಯವರಿಗೆ ಕೊಡಬೇಕಿದ್ದ ಹಣವನ್ನು ಕೊಡುವವರು ಯಾರು? ಶರಣರು ಮರಣದ ಸೂತಕವನ್ನು ಅಲ್ಲಗಳೆದರು. ಆದರೂ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳನ್ನು ಶುಭಕಾರ್ಯದಿಂದ ದೂರವಿಡುವ ಮನೆಗಳು ಇನ್ನೂ ಇವೆ. ಅಂಥ ಮನೆಯವರು ಪತ್ರಿಕೆಯಲ್ಲಿ ‘ಲಿಂಗೈಕ್ಯ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರೂ ಅದು ಪರಭಾಷೆಯ ಶಬ್ದವೇ ಸರಿ.

ಆದುದರಿಂದ ಗಬ್ಬೂರಿನ ಸದ್ಭಕ್ತರು ಇಂದಿನಿಂದ ಎರಡನ್ನು ಕೈಕೊಳ್ಳಲಿ. ಸಾವಿನ ಸುದ್ದಿಯನ್ನು ಹೇಳುವಾಗ ‘ಶಿವಾಧೀನರಾದರು’, ‘ಲಿಂಗದಲ್ಲಿ ಬೆರೆತರು’ ಎಂಬ ಮನೆಯ ನುಡಿಯನ್ನು ಆಡಲಿ. ಹಾಗೆ ನುಡಿದವರೇ ಶಿವಗಣಾರಾಧನೆಯ ಪಂಕ್ತಿ ಎದ್ದ ಮೇಲೆಯೂ ಆ ಮನೆಗೆ ಹೋಗಲಿ. ಬಾಕಿ ಉಳಿದ ಕೂಲಿಯನ್ನು ಕೊಡಿಸಲಿ, ಮಕ್ಕಳ ಓದನ್ನು ವಿಚಾರಿಸಲಿ, ಆ ತಾಯಿಯನ್ನು ಮಂಗಲಕಾರ್ಯಕ್ಕೆ ಮೊದಲು ಕರೆಯಲಿ. ಐಕ್ಯನಾದವನಿಗೆ ಋಣವಿಲ್ಲ. ಉಳಿದವರಿಗೆ ಕಾಯಕವಿದೆ, ದಾಸೋಹವಿದೆ. ಅದರಿಂದ ಬಿಡುಗಡೆಯ ರಸೀದಿಯನ್ನು ಯಾವ ಭಾಷೆಯೂ ಬರೆದುಕೊಡಲಾರದು.