ಪೂಜಾರಿ ವರ ಕೊಡದಿದ್ದರೆ ಹೃದ್ರೋಗಿ ಏನು ಮಾಡಬೇಕು?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾದು ಕುಳಿತ ಯಾರನ್ನು ಕೇಳಿದರೂ ಈ ಗಾದೆಗೊಂದು ಹೊಸ ಉದಾಹರಣೆ ಸಿಗುತ್ತದೆ. ಒಳಗಿರುವ ಡಾಕ್ಟರು ಒಳ್ಳೆಯವರೇ. ಆದರೆ ಅವರನ್ನು ತಲುಪುವ ಮೊದಲು ಒಂದು ಮೇಜು, ಅದರ ಮೇಲೊಂದು ಫೋನು, ಅದರ ಹಿಂದೆ ಟೋಕನ್ ಪುಸ್ತಕ ಹಿಡಿದ ಒಬ್ಬ ವ್ಯಕ್ತಿ. ‘ಇವತ್ತು ಆಗಲ್ಲ’, ‘ಅಲ್ಲಿ ಕೂತ್ಕೊಳ್ಳಿ’, ‘ಡಾಕ್ಟರು ಫೋನಿಗೆ ಬರಲ್ಲ’, ‘ಹಳೇ ಚೀಟಿ ಇಲ್ದೆ ಯಾಕೆ ಬಂದ್ರಿ?’ ಈ ಮಾತುಗಳನ್ನು ಕೇಳದ ಸಂಸಾರ ಯಾವುದಿದೆ?

ನೆಗಡಿಗೋ ಮೈಕೈ ನೋವಿಗೋ ಹೋದವರು ಗೊಣಗಿಕೊಂಡು ಮನೆಗೆ ವಾಪಸು ಬಂದರೆ ಹೆಚ್ಚಿನ ನಷ್ಟವಿಲ್ಲ. ನಿಮ್ಮ ಮನೆಯಲ್ಲಿ ಹೃದ್ರೋಗಿ ಇದ್ದರೆ ವಿಷಯ ಬೇರೆ. ಹೃದ್ರೋಗ ಒಂದು ದಿನದ ಕಾಯಿಲೆಯಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಆ ಮೇಜಿನ ಮುಂದೆ ನಿಲ್ಲಲೇಬೇಕು. ರಕ್ತ ಪರೀಕ್ಷೆಯ ವರದಿ ತೋರಿಸಬೇಕು, ಮಾತ್ರೆಯ ಚೀಟಿ ಬರೆಸಿಕೊಳ್ಳಬೇಕು, ಕಾಲು ಊದಿದರೆ ಕೇಳಬೇಕು. ಆದ್ದರಿಂದ ಆ ಮೇಜಿನ ಹಿಂದಿರುವವರೊಡನೆ ಹೇಗೆ ವ್ಯವಹರಿಸಬೇಕೆಂಬುದು ಹೃದ್ರೋಗಿಗೆ ಮಾತ್ರೆಯ ಹೆಸರಿನಷ್ಟೇ ಗೊತ್ತಿರಬೇಕಾದ ಸಂಗತಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಒರಟು ಮಾತಿಗೆ ಸಿಕ್ಕ ರೋಗಿ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾನೆ. ಒಂದೋ ಸಿಟ್ಟಿಗೇಳುತ್ತಾನೆ, ಇಲ್ಲವೇ ಸುಮ್ಮನೆ ಮನೆಗೆ ಹೋಗುತ್ತಾನೆ. ಹೃದ್ರೋಗಿಗೆ ಎರಡೂ ಅಪಾಯ.

ಸಿಟ್ಟಿನ ಬೆಲೆ

ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯನಿದ್ದ. ಅವನಿಗೆ ಎದೆ ಹಿಂಡುವ ನೋವು, ಅಂದರೆ ಆಂಜೈನಾ ಇತ್ತು. ಸಿಟ್ಟು ಬಂದಾಗಲೆಲ್ಲ ನೋವು ಕಾಣಿಸಿಕೊಳ್ಳುತ್ತಿತ್ತು. ತನ್ನನ್ನು ಕೆರಳಿಸಲು ಹೊರಟ ಯಾವ ಪೋಕರಿಯ ಕೈಯಲ್ಲಾದರೂ ತನ್ನ ಪ್ರಾಣ ಇದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದನಂತೆ. 1793ರ ಅಕ್ಟೋಬರ್ 16ರಂದು ತಾನು ಕೆಲಸ ಮಾಡುತ್ತಿದ್ದ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ಯಾರೋ ಎದುರು ಮಾತನಾಡಿದರು. ಹಂಟರ್ ಸಿಟ್ಟನ್ನು ನುಂಗಿಕೊಂಡು ಪಕ್ಕದ ಕೋಣೆಗೆ ನಡೆದ, ಅಲ್ಲೇ ಕುಸಿದು ಪ್ರಾಣಬಿಟ್ಟ.

ಕಾರಣ ಸರಳ. ಕೋಪ ಬಂದಾಗ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ನಾಡಿಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯದ ಸ್ನಾಯು ಹೆಚ್ಚು ಆಮ್ಲಜನಕ ಕೇಳುತ್ತದೆ. ಆರೋಗ್ಯವಂತನ ರಕ್ತನಾಳ ಅದನ್ನು ಒದಗಿಸುತ್ತದೆ. ಕೊಬ್ಬು ಕಟ್ಟಿ ಕಿರಿದಾದ ನಾಳಕ್ಕೆ ಅದು ಸಾಧ್ಯವಾಗದು. ಟೋಕನ್ ನಂಬರಿಗಾಗಿ ಈ ಬೆಲೆ ತೆರುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಮೌನದ ಬೆಲೆ ಇನ್ನೂ ಹೆಚ್ಚು

ಸಿಟ್ಟಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ರೋಗಿಯ ಮೌನ. ಇದನ್ನು ನಾನು ಕಲಿತದ್ದು ನನ್ನದೇ ಕ್ಲಿನಿಕ್ಕಿನಲ್ಲಿ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ.

ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ನನ್ನಲ್ಲಿಗೆ ಬಹಳ ವರ್ಷಗಳಿಂದ ಬರುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಅವರ ಹೃದಯದ ಕವಾಟವೊಂದು ಕೆಟ್ಟು, ಲೋಹದ ಕವಾಟ ಜೋಡಿಸಲಾಗಿತ್ತು. ಅಂಥವರು ಜೀವಮಾನವಿಡೀ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗಬೇಕು. ಮಾತ್ರೆ ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಎಲ್ಲೆಂದರಲ್ಲಿ ರಕ್ತಸ್ರಾವವಾಗುತ್ತದೆ. ಈ ತೂಕವನ್ನು ನೋಡಲೆಂದೇ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ. ಅವರಿಗೆ ಅದು 2.5ರಿಂದ 3.5ರೊಳಗೆ ಇರಬೇಕಿತ್ತು.

ಒಂದು ಶನಿವಾರ ಸಂಜೆ ಅವರು ವರದಿ ಹಿಡಿದು ಬಂದರು. ಮೇಜಿನಲ್ಲಿದ್ದ ನನ್ನ ಕಾಂಪೌಂಡರ್ ತಲೆ ಎತ್ತದೆಯೇ, ‘ಟೋಕನ್ ಮುಗೀತಮ್ಮಾ, ಬುಧವಾರ ಬನ್ನಿ’ ಎಂದ.

‘ರಿಪೋರ್ಟ್ ತೋರಿಸ್ಬೇಕಿತ್ತಪ್ಪಾ.’

‘ರಿಪೋರ್ಟ್ ಎಲ್ಲಾರ ಕೈಲೂ ಇದೆಯಮ್ಮಾ.’

ಅವರು ಮರುಮಾತಿಲ್ಲದೆ ವರದಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟುಹೋದರು. ಅದರಲ್ಲಿ ಐ.ಎನ್.ಆರ್. 6.8 ಎಂದಿತ್ತು. ಹಿಂದಿನ ವಾರ ಹೊಟ್ಟೆ ಕೆಟ್ಟಿತೆಂದು ಔಷಧಿ ಅಂಗಡಿಯಿಂದ ಮೆಟ್ರೊನಿಡಜೋಲ್ ತಂದು ನುಂಗಿದ್ದರು. ಅದು ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವವನ್ನು ಬಹಳ ಹೆಚ್ಚಿಸುತ್ತದೆ. ಮಂಗಳವಾರ ರಾತ್ರಿ ವಸಡಿನಿಂದ ರಕ್ತ, ಬೆಳಗ್ಗೆ ಕಪ್ಪು ಮಲ, ತಲೆಸುತ್ತು. ಮಗ ಆಸ್ಪತ್ರೆಗೆ ಸೇರಿಸಿದ. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಬದುಕಿಕೊಂಡರು. ನೋಡಲು ಹೋದಾಗ ಅವರು ನನಗೆ ಹೇಳಿದ್ದು ಇಷ್ಟು: ‘ನಿಮಗೆ ಯಾಕೆ ತೊಂದ್ರೆ ಕೊಡೋದು ಅಂತ ಸುಮ್ಮನಾದೆ ಡಾಕ್ಟ್ರೇ.’

ನನ್ನ ಕಾಂಪೌಂಡರ್ ಕೆಟ್ಟವನಲ್ಲ. ಬೆಳಗ್ಗೆ ಎಂಟರಿಂದ ಅದೇ ಕುರ್ಚಿಯಲ್ಲಿ ಕುಳಿತವನು. ರೋಗಿಗಳು ನನಗೆ ಬೈಯಬೇಕಾದದ್ದನ್ನೆಲ್ಲ ಅವನಿಗೆ ಬೈಯುತ್ತಾರೆ. ‘ಐವತ್ತರ ಮೇಲೆ ಒಬ್ಬರನ್ನೂ ಬಿಡಬೇಡ’ ಎಂದು ಅವನಿಗೆ ಹೇಳಿದವನು ನಾನು. 6.8 ಎಂದರೆ ಏನೆಂದು ಅವನಿಗೆ ಕಲಿಸದೇ ಇದ್ದವನೂ ನಾನೇ. ಮೇಜಿನವರು ಒರಟಾಗಿದ್ದರೆ ಅರ್ಧ ತಪ್ಪು ಒಳಗಿರುವ ಡಾಕ್ಟರದು. ಇದನ್ನು ನನ್ನ ಸಹೋದ್ಯೋಗಿಗಳು ಒಪ್ಪಲಿ ಬಿಡಲಿ, ನಾನಂತೂ ಒಪ್ಪಿಕೊಂಡಿದ್ದೇನೆ.

ಹಾಗಾದರೆ ನೀವೇನು ಮಾಡಬೇಕು?

ಮೊದಲನೆಯದಾಗಿ, ಮೇಜಿನ ಮುಂದೆ ಕಥೆ ಹೇಳಬೇಡಿ, ಒಂದೇ ವಾಕ್ಯ ಹೇಳಿ. ಆ ವಾಕ್ಯದಲ್ಲಿ ಕಾಯಿಲೆ, ಇಂದಿನ ತೊಂದರೆ, ನಿಮಗೆ ಬೇಕಾದದ್ದು ಮೂರೂ ಇರಲಿ. ‘ನಾನು ಕವಾಟ ಹಾಕಿಸಿಕೊಂಡ ರೋಗಿ, ಐ.ಎನ್.ಆರ್. 6.8 ಬಂದಿದೆ, ಡಾಕ್ಟರಿಗೆ ಈಗಲೇ ತೋರಿಸಬೇಕು.’ ‘ನಮ್ಮ ತಂದೆ ಹಾರ್ಟ್ ಪೇಷೆಂಟು, ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದೆ, ಕಾಲು ಊದಿದೆ, ಇವತ್ತೇ ನೋಡಬೇಕು.’ ‘ರಿಪೋರ್ಟ್ ತೋರಿಸಬೇಕು’ ಎಂದರೆ ಅವರ ಕಿವಿಗೆ ನೀವು ನೂರರಲ್ಲಿ ಒಬ್ಬರು. ಅಂಕಿ ಹೇಳಿದರೆ ಒಳಗೆ ಹೋಗಿ ಕೇಳಿಬರಲು ಅವರಿಗೊಂದು ಕಾರಣ ಸಿಗುತ್ತದೆ.

ಎರಡನೆಯದಾಗಿ, ಆ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು, ಹೆಸರು, ಫೋನ್ ನಂಬರು, ದಿನಾಂಕ ಹಾಕಿ, ‘ದಯವಿಟ್ಟು ಇದನ್ನು ಡಾಕ್ಟರ ಮೇಜಿನ ಮೇಲಿಡಿ, ನಾನು ಇಲ್ಲೇ ಕಾಯುತ್ತೇನೆ’ ಎನ್ನಿ. ಬಾಯಿಮಾತಿಗೆ ‘ಆಗಲ್ಲ’ ಎನ್ನುವುದು ಸುಲಭ. ಕೈಗೆ ಬಂದ ಚೀಟಿಯನ್ನು ಬಿಸಾಡಲು ಯಾರೂ ಧೈರ್ಯ ಮಾಡುವುದಿಲ್ಲ. ಚೀಟಿ ಕೊಟ್ಟ ಮೇಲೂ ಒಳಗೆ ಬಿಡದಿದ್ದರೆ, ತುರ್ತಾದ ವಿಷಯವಾಗಿದ್ದರೆ, ಅಲ್ಲೇ ಕಾಲಹರಣ ಮಾಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮೂರನೆಯದಾಗಿ, ಜಗಳಕ್ಕೆ ರೋಗಿಯನ್ನು ಮುಂದೆ ನಿಲ್ಲಿಸಬೇಡಿ. ಮಗನೋ ಸೊಸೆಯೋ ಮಾತನಾಡಲಿ, ಹೃದ್ರೋಗಿ ಕುಳಿತಿರಲಿ. ಮಾತನಾಡುವವರೂ ದನಿ ಏರಿಸಬಾರದು. ಮೇಜಿನವರ ಹೆಸರು ತಿಳಿದುಕೊಳ್ಳಿ, ‘ಸಿಸ್ಟರ್’, ‘ಅಣ್ಣಾ’ ಎಂದು ಕರೆಯಿರಿ. ಇದು ಬೆಣ್ಣೆ ಹಚ್ಚುವುದಲ್ಲ. ವರ್ಷಗಟ್ಟಲೆ ನೋಡಬೇಕಾದ ಮುಖ ಅದು.

ನಾಲ್ಕನೆಯದು ಬಹಳ ಮುಖ್ಯ. ಡಾಕ್ಟರು ಎದುರಿಗೆ ಸಿಕ್ಕಾಗಲೇ ಕೇಳಿ: ‘ಯಾವ ತೊಂದರೆ ಬಂದರೆ ನಾನು ಟೋಕನ್ ಇಲ್ಲದೆ ಬರಬಹುದು?’ ಉತ್ತರವನ್ನು ನಿಮ್ಮ ಚೀಟಿಯ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳಿ. ಮುಂದಿನ ಸಲ ಮೇಜಿನ ಮುಂದೆ ನಿಮ್ಮ ಪರವಾಗಿ ಡಾಕ್ಟರ ಬರಹವೇ ಮಾತನಾಡುತ್ತದೆ.

ಐದನೆಯದಾಗಿ, ಮಾತ್ರೆ ಮುಗಿಯುವ ದಿನ ಚೀಟಿಗೆ ಓಡಬೇಡಿ. ಒಂದು ವಾರ ಮೊದಲೇ ಹೋಗಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಹೃದ್ರೋಗ ತಜ್ಞರ ಮಾತಿಲ್ಲದೆ ಒಂದು ದಿನವೂ ಬಿಡಬಾರದು, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟೀತು. ‘ಡಾಕ್ಟರು ಊರಲ್ಲಿಲ್ಲ, ಮುಂದಿನ ವಾರ ಬನ್ನಿ’ ಎಂಬ ಮಾತಿಗೆ ಮಾತ್ರೆ ನಿಲ್ಲಿಸಿಬಿಡುವವರನ್ನು ನಾನು ಕಂಡಿದ್ದೇನೆ. ಮಾತ್ರೆ ನಿಲ್ಲಿಸಲು ಹೇಳುವ ಅಧಿಕಾರ ಮೇಜಿನವರಿಗಿಲ್ಲ.

ಮೇಜಿನ ಬಳಿಗೆ ಹೋಗಲೇಬಾರದ ಸಮಯ

ಎದೆಯಲ್ಲಿ ಹಿಂಡಿದಂತೆ, ಭಾರ ಇಟ್ಟಂತೆ ನೋವು. ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು. ತಣ್ಣನೆ ಬೆವರು, ಉಸಿರುಗಟ್ಟುವಿಕೆ. ಇವು ಕಂಡರೆ ಕ್ಲಿನಿಕ್ಕಿಗೆ ಫೋನು ಮಾಡಿ ‘ಡಾಕ್ಟರಿದ್ದಾರಾ?’ ಎಂದು ಕೇಳುತ್ತ ಕೂರಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ‘ಗ್ಯಾಸ್’ ಎನಿಸುವ ಸಂಕಟ ಮಾತ್ರ ಇರಬಹುದು. ನಾಲಿಗೆಯಡಿ ಇಡುವ ಮಾತ್ರೆಯನ್ನು ಡಾಕ್ಟರು ಮೊದಲೇ ಕೊಟ್ಟಿದ್ದರೆ ಕುಳಿತುಕೊಂಡೇ ಇಟ್ಟುಕೊಳ್ಳಿ, ನಿಂತರೆ ತಲೆ ತಿರುಗಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಮಾತ್ರೆ ಇಲ್ಲದವರು ಐದು ನಿಮಿಷವನ್ನೂ ಕಾಯದೆ ಕರೆ ಮಾಡಿ. ಇಸಿಜಿ ಇರುವ ಆಸ್ಪತ್ರೆಗೇ ಹೋಗಿ. ಸ್ಕೂಟರ್ ಹತ್ತಿ ತಾವೇ ಹೋಗುವ ಸಾಹಸ ಬೇಡ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಹೃದ್ರೋಗ ಕೇಂದ್ರದ ತಜ್ಞರಿಗೆ ಕಳುಹಿಸಿ, ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ದೂರು ಕೊಡುವುದೂ ಒಂದು ಕ್ರಮ

ಎಲ್ಲವನ್ನೂ ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮೇಲಿಂದ ಮೇಲೆ ಅವಮಾನವಾದರೆ ಮನೆಗೆ ಬಂದು, ಮನಸ್ಸು ತಣ್ಣಗಾದ ಮೇಲೆ, ದಿನಾಂಕ, ಸಮಯ, ಆಡಿದ ಮಾತು ಬರೆದು ಡಾಕ್ಟರಿಗೇ ಕೊಡಿ. ತಮ್ಮ ಬಾಗಿಲಲ್ಲಿ ಏನು ನಡೆಯುತ್ತಿದೆ ಎಂಬುದು ಎಷ್ಟೋ ಡಾಕ್ಟರಿಗೆ ಗೊತ್ತೇ ಇರುವುದಿಲ್ಲ. ನನಗೆ ಗೊತ್ತಿರಲಿಲ್ಲ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮಾವಳಿ ಹೇಳುತ್ತದೆ. ಆದ್ದರಿಂದ ‘ಹಳೇ ಫೈಲ್ ಕೊಡಲ್ಲ’ ಎಂದವರಿಗೆ ಲಿಖಿತ ಅರ್ಜಿ ಕೊಡಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ವಿಚಾರಿಸಲು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹಾಗೂ ಅದರ ನಂತರದ ತಿದ್ದುಪಡಿಯಂತೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಆದರೆ ಕೈ ಎತ್ತುವುದು, ಗಾಜು ಒಡೆಯುವುದು ಸಲ್ಲದು. 2009ರ ರಾಜ್ಯ ಕಾನೂನಿನಂತೆ ಅದು ಅಪರಾಧ. ಅದಕ್ಕಿಂತ ಮಿಗಿಲಾಗಿ, ಆ ಗಲಾಟೆಯಲ್ಲಿ ನಿಮ್ಮ ಮನೆಯ ಹೃದ್ರೋಗಿಯೂ ಅಲ್ಲೇ ಕುಳಿತಿರುತ್ತಾನೆ.

ನನ್ನ ಕ್ಲಿನಿಕ್ಕಿನಲ್ಲಿ ಈಗ ಮೇಜಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದೇವೆ. ಎದೆನೋವು, ಉಸಿರಾಟದ ತೊಂದರೆ, ಕಾಲು ಊತ, ತಲೆ ತಿರುಗಿ ಬಿದ್ದವರು, ರಕ್ತಸ್ರಾವ, ಐ.ಎನ್.ಆರ್. 4ಕ್ಕಿಂತ ಹೆಚ್ಚು. ಇಂಥವರಿಗೆ ಟೋಕನ್ ಕೇಳುವಂತಿಲ್ಲ. ಪಟ್ಟಿ ಬರೆದವನು ಅದೇ ಕಾಂಪೌಂಡರ್. ಆ ಶಿಕ್ಷಕಿ ಈಗಲೂ ಬರುತ್ತಾರೆ. ಬಾಗಿಲಲ್ಲೇ ವರದಿಯ ಅಂಕಿಯನ್ನು, ತರಗತಿಯಲ್ಲಿ ಹಾಜರಿ ಕೂಗುವವರ ಹಾಗೆ, ಗಟ್ಟಿಯಾಗಿ ಓದುತ್ತಾರೆ.

ನೀವೂ ಹಾಗೆಯೇ ಮಾಡಿ. ಪೂಜಾರಿಗೆ ನಿಮ್ಮ ಹರಕೆ ಏನೆಂದು ಗೊತ್ತಾಗಬೇಕಾದರೆ ನೀವು ಬಾಯಿ ಬಿಡಲೇಬೇಕು. ಈ ವಾರವೇ ಮನೆಯ ಹೃದ್ರೋಗಿಯ ಜತೆ ಕುಳಿತು ಆ ಒಂದು ವಾಕ್ಯವನ್ನು ಬರೆದು, ಮಾತ್ರೆ ಡಬ್ಬಿಯ ಜತೆಗೇ ಇಟ್ಟುಬಿಡಿ.