ಎರಡು ಸಮೋವಾ

2020ರ ಮಾರ್ಚ್ ಕೊನೆಯಲ್ಲಿ ಕೊರೊನಾಕ್ಕೆ ಹೆದರಿ ನಮ್ಮ ಎಷ್ಟೋ ಹಳ್ಳಿಗಳ ಜನ ಊರ ದಾರಿಗೆ ಜಾಲಿಮುಳ್ಳು ಎಳೆದು ಹಾಕಿದರು. ಬೆಂಗಳೂರಿನಿಂದ ಗಂಟುಮೂಟೆ ಹೊತ್ತು ಬಂದ ಊರ ಮಕ್ಕಳೇ ಮುಳ್ಳಿನಾಚೆ ನಿಲ್ಲಬೇಕಾಯಿತು. ಅದು ನೆನಪಾದಾಗಲೆಲ್ಲ ನನ್ನ ಮನಸ್ಸು ಪೆಸಿಫಿಕ್ ಸಾಗರದ ಸಮೋವಾಕ್ಕೆ ಹೋಗುತ್ತದೆ.

1918ರಲ್ಲಿ ಸಮೋವಾ ಎರಡು ಹೋಳಾಗಿತ್ತು. ಪಶ್ಚಿಮದ ದ್ವೀಪಗಳು ನ್ಯೂಜಿಲೆಂಡ್ ಸೇನೆಯ ಕೈಯಲ್ಲಿ, ಪೂರ್ವದವು ಅಮೆರಿಕದ ನೌಕಾಪಡೆಯ ಕೈಯಲ್ಲಿ. ಜನ ಒಂದೇ, ಮಾತು ಒಂದೇ, ನಂಟಸ್ತನ ಎರಡೂ ಕಡೆಗೆ. ಆಕ್ಲೆಂಡಿನಿಂದ ಹೊರಟ ಟಲೂನ್ ಹಡಗು ನವೆಂಬರ್ 7ರಂದು ಪಶ್ಚಿಮದ ಆಪಿಯಾ ಬಂದರು ಮುಟ್ಟಿತು. ಹಡಗಿನಲ್ಲಿ ಇನ್‌ಫ್ಲುಯೆಂಜಾ ಇತ್ತು. ದಾರಿಯಲ್ಲಿ ಫಿಜಿಯವರು ಅದನ್ನು ಕ್ವಾರಂಟೈನ್‌ನಲ್ಲಿಟ್ಟಿದ್ದರು, ಆಪಿಯಾದಲ್ಲಿ ತಡೆಯುವವರಿರಲಿಲ್ಲ. ಕಾಯಿಲೆಯವರೂ ಇಳಿದು ಊರೊಳಗೆ ನಡೆದರು. ಕೆಲವೇ ವಾರಗಳಲ್ಲಿ ಸುಮಾರು 8,500 ಜನ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು, ತೀರಿಕೊಂಡರು. ಪೂರ್ವದ ಗವರ್ನರ್ ಜಾನ್ ಪೋಯರ್ ರೇಡಿಯೊ ಸುದ್ದಿ ಕೇಳಿದ್ದೇ ಬಂದರಿಗೆ ಕಾವಲು ಹಾಕಿದ. ಅಲ್ಲಿ ಒಬ್ಬರೂ ಸಾಯಲಿಲ್ಲ.

ಚರಿತ್ರೆ ಪೋಯರನನ್ನು ಕೊಂಡಾಡುತ್ತದೆ, ಕೊಂಡಾಡಬೇಕಾದದ್ದೇ. ಆದರೆ ದ್ವೀಪದ ಉದ್ದಗಲದ ದಡವನ್ನು ಒಬ್ಬ ಅಧಿಕಾರಿಯ ಆಜ್ಞೆ ಕಾಯಲಾರದು. ಪಡುವಣದಿಂದ ದೋಣಿ ಬಂದೀತೇ ಎಂದು ದಡದಲ್ಲಿ ಕಾದವರು ಹಳ್ಳಿಯ ಜನ. ಬರುವ ದೋಣಿಯಲ್ಲಿ ಸ್ವಂತ ಅಳಿಯನೋ ಅಕ್ಕನೋ ಇರಬಹುದಿತ್ತು. ಹಾಗಿದ್ದೂ ಅವರು ಕಾದರು. ಆ ಕಟ್ಟುಪಾಡು 1920ರವರೆಗೂ ನಡೆಯಿತು.

ಜನ ಹೀಗೆ ಜೊತೆಗೂಡಬೇಕಾದರೆ ಸರ್ಕಾರ ಮೊದಲೇ ತಿಳಿಸಿ ಹೇಳಬೇಕು, ಒಳಗೆ ಕೂತವರ ಹೊಟ್ಟೆಪಾಡನ್ನೂ ನೋಡಿಕೊಳ್ಳಬೇಕು. ತೈವಾನ್ 2020ರಲ್ಲಿ ಕ್ವಾರಂಟೈನ್ ಪಾಲಿಸಿದವರಿಗೆ ದಿನಕ್ಕೆ 1,000 ತೈವಾನ್ ಡಾಲರ್ ಭತ್ಯೆ ಕೊಟ್ಟಿತು. ನಮ್ಮಲ್ಲಿ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯ ಮಾತು, 12ಕ್ಕೆ ದೇಶಕ್ಕೆ ಬೀಗ. ನಾಲ್ಕು ಗಂಟೆಯಲ್ಲಿ ದಿನಗೂಲಿಯವನು ಏನು ಹೊಂದಿಸಿಕೊಂಡಾನು? ಗಂಟು ಹೊತ್ತು ನಡೆದ. ಊರಿನವರಿಗೆ ಅವನ ಬಗ್ಗೆ ಭಯವಲ್ಲದೆ ಬೇರೇನನ್ನೂ ಯಾರೂ ಹೇಳಿರಲಿಲ್ಲ. ಮುಳ್ಳು ಎಳೆದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮುಂದೆ ಊರ ಶಾಲೆ, ಹಾಸ್ಟೆಲುಗಳನ್ನೇ ಕ್ವಾರಂಟೈನ್ ಕೇಂದ್ರ ಮಾಡಿದರು. ಅದು ಮೊದಲ ದಿನವೇ ಆಗಬೇಕಿತ್ತು.

ಟಲೂನ್ ಹಡಗನ್ನು ಒಳಗೆ ಬಿಟ್ಟದ್ದಕ್ಕೆ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾದ ಜನರ ಕ್ಷಮೆ ಕೇಳಿದ್ದು 2002ರಲ್ಲಿ, ಆಪಿಯಾಕ್ಕೇ ಹೋಗಿ. ಅಷ್ಟರಲ್ಲಿ 84 ವರ್ಷ ಕಳೆದಿತ್ತು.